‘ದಿ ಇನ್ನೊಸೆಂಟ್ಸ್’ ನೋಡೋಕೆ ಕೂರುವ ಮುಂಚೆ: ಹಳೇ ಆಪರೇಟರ್‌ ಒಬ್ಬನ ಮಾತು

ಹಾಸನದ ಕಡೆ ಒಂದು ಟಾಕೀಸಿನಲ್ಲಿ ನಾನು 26 ವರ್ಷ ಪ್ರೊಜೆಕ್ಟರ್ ಓಡಿಸಿದವನು. ಈಗ ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಕಾಲೇಜಿಗೆ ಹೋಗುವ ಮೊಮ್ಮಗಳು ಒಂದು ರಾತ್ರಿ ಈ ಸಿನಿಮಾ ಹಾಕಿದಳು. ಟಿವಿಯಲ್ಲಿ ಹುಡುಗಿಯೊಬ್ಬಳು ಹಾಡುವ ದನಿ ಕೇಳುತ್ತಿದೆ, ಪರದೆ ಮಾತ್ರ ಪೂರ್ತಿ ಕಪ್ಪು. ನಾನು ಎದ್ದು ಹೋಗಿ ಹಿಂದಿನ ವೈರ್ ಅಲ್ಲಾಡಿಸಿದೆ. ಸೌಂಡ್ ಬಂದು ಪಿಕ್ಚರ್ ಬರಲಿಲ್ಲ ಅಂದ್ರೆ ನಮ್ಮ ಕ್ಯಾಬಿನ್ನಿನಲ್ಲಿ ಒಂದೇ ಅರ್ಥ, ಕಾರ್ಬನ್, ಅಂದರೆ ಪ್ರೊಜೆಕ್ಟರ್‌ಗೆ ಬೆಳಕು ಕೊಡುವ ಉರಿಯುವ ಕಡ್ಡಿ, ಆರಿಹೋಗಿದೆ. ಕೆಳಗಿಂದ ಶಿಳ್ಳೆ, ಬೈಗುಳ ಶುರುವಾಗೋ ಹೊತ್ತು ಅದು.

‘ಸುಮ್ನೆ ಕೂತ್ಕೋ ತಾತ, ಅದು ಇರೋದೇ ಹಾಗೆ’ ಅಂದಳು.

ಹೌದು, ಇರೋದೇ ಹಾಗೆ. ಕಂಪನಿಯ ಲಾಂಛನಕ್ಕೂ ಮೊದಲು ಮುಕ್ಕಾಲು ನಿಮಿಷದಷ್ಟು ಬರೀ ಕತ್ತಲು, ಬರೀ ಹಾಡು. ಹಾಗಾಗಿ ನನ್ನ ಮೊದಲ ಸಲಹೆ, ವೈರ್ ಮುಟ್ಟಬೇಡಿ. ಆ ಕತ್ತಲಲ್ಲಿ ಕಣ್ಣು ಹೊಂದಿಕೊಳ್ಳಲಿ.

1961ರ ಕಪ್ಪು ಬಿಳುಪು ಇಂಗ್ಲಿಷ್ ಸಿನಿಮಾ ಇದು, ಒಂದು ಗಂಟೆ ನಲವತ್ತು ನಿಮಿಷ. ನಿರ್ದೇಶಕ ಜಾಕ್ ಕ್ಲೇಟನ್. ಹೆನ್ರಿ ಜೇಮ್ಸ್ 1898ರಲ್ಲಿ ಬರೆದ ಕಥೆ, ಅದರಿಂದ ಒಂದು ನಾಟಕ, ಅದರಿಂದ ಈ ಸಿನಿಮಾ. ಚಿತ್ರಕಥೆಯಲ್ಲಿ ಅಮೆರಿಕದ ಲೇಖಕ ಟ್ರೂಮನ್ ಕಪೋಟಿಯ ಕೈ ಇದೆ. ಪಾದ್ರಿಯೊಬ್ಬರ ಮಗಳು ಮಿಸ್ ಗಿಡನ್ಸ್, ಅಂದರೆ ಡೆಬೊರಾ ಕೆರ್, ಹಳ್ಳಿಯ ದೊಡ್ಡ ಬಂಗಲೆಯಲ್ಲಿ ಇಬ್ಬರು ಅನಾಥ ಮಕ್ಕಳಿಗೆ ಪಾಠ ಹೇಳೋಕೆ ಬರುತ್ತಾಳೆ. ಅವಳಿಗೆ ಇದು ಮೊದಲ ಕೆಲಸ. ಅಲ್ಲಿ ಮೊದಲು ಕೆಲಸಕ್ಕಿದ್ದ ಇಬ್ಬರು ಸತ್ತಿದ್ದಾರೆ. ಆ ಇಬ್ಬರು ಇವಳಿಗೆ ಕಾಣಿಸೋಕೆ ಶುರುವಾಗುತ್ತಾರೆ. ಕಥೆ ಇಷ್ಟು ಗೊತ್ತಿದ್ದರೆ ಸಾಕು, ಮುಂದಿನದನ್ನು ಯಾರಾದರೂ ಹೇಳೋಕೆ ಬಂದರೆ ಕಿವಿ ಮುಚ್ಚಿಕೊಳ್ಳಿ.

ಈಗ ಟಿವಿ ವಿಷಯ. ಅಂಗಡಿಯಲ್ಲಿ ಮಿರಮಿರ ಮಿಂಚಲಿ ಅಂತ ಟಿವಿಯನ್ನು ‘ವಿವಿಡ್’ ಮೋಡ್‌ನಲ್ಲಿ ಇಟ್ಟಿರುತ್ತಾರೆ. ಮನೆಗೆ ತಂದ ಮೇಲೂ ನಾವು ಅದನ್ನು ಹಾಗೇ ಬಿಟ್ಟಿರುತ್ತೇವೆ. ಕಪ್ಪು ಬಿಳುಪಿಗೆ ಅದು ವಿಷ. ಪಿಕ್ಚರ್ ಸೆಟ್ಟಿಂಗ್‌ಗೆ ಹೋಗಿ ‘ಸಿನಿಮಾ’ ಅಥವಾ ‘ಮೂವಿ’ ಅಂತ ಮಾಡಿ. ಓಟವನ್ನು ನುಣುಪು ಮಾಡುವ ಮೋಷನ್ ಸೆಟ್ಟಿಂಗ್ ಒಂದಿರುತ್ತದೆ, ಒಂದೊಂದು ಕಂಪನಿ ಒಂದೊಂದು ಹೆಸರು ಇಟ್ಟಿದೆ. ಅದನ್ನು ಆಫ್ ಮಾಡಿ, ಇಲ್ಲಾಂದ್ರೆ ಎಲ್ಲರೂ ಧಾರಾವಾಹಿಯವರ ಥರ ನಡೆದಾಡ್ತಾರೆ. ಕರೆಂಟ್ ಉಳಿಸೋಕೆ ಟಿವಿ ತಾನೇ ಬೆಳಕು ತಗ್ಗಿಸುವ ಆಯ್ಕೆಯೂ ಬೇಡ.

ಇನ್ನೊಂದು, ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತಲ್ಲ, ಅದನ್ನು ಕಂಡು ಜೂಮ್ ಒತ್ತಬೇಡಿ. ಇದು ಸ್ಕೋಪ್ ಪಿಕ್ಚರ್, ಅಂದರೆ ತುಂಬಾ ಅಗಲದ ಪರದೆಗೆ ತೆಗೆದದ್ದು. ಜೂಮ್ ಮಾಡಿದರೆ ಎರಡೂ ಪಕ್ಕ ಕತ್ತರಿಸಿ ಹೋಗುತ್ತದೆ. ಈ ಸಿನಿಮಾದ ದೆವ್ವ ಇರೋದೇ ಪಕ್ಕದಲ್ಲಿ!

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕ್ಲೇಟನ್‌ಗೆ ಸ್ಕೋಪ್ ಬೇಕಿರಲಿಲ್ಲ, ಕಂಪನಿ ಬಿಡಲಿಲ್ಲ. ಅಷ್ಟು ಅಗಲದ ಪರದೆಯಲ್ಲಿ ಒಂಟಿ ಹೆಂಗಸಿನ ಭಯ ಹೇಗೆ ತೋರಿಸೋದು? ಕ್ಯಾಮೆರಾಮನ್ ಫ್ರೆಡ್ಡಿ ಫ್ರಾನ್ಸಿಸ್ ಫಿಲ್ಟರ್ ಗಾಜಿನ ಅಂಚುಗಳಿಗೆ ಕೈಯಿಂದಲೇ ಬಣ್ಣ ಬಳಿದ. ಮಧ್ಯದಲ್ಲಿ ಬೆಳಕು, ಎರಡೂ ಕಡೆ ಹೋಗ್ತಾ ಹೋಗ್ತಾ ಕತ್ತಲು. ಅವಳು ಮೇಣದಬತ್ತಿ ಹಿಡಿದು ಓಣಿಯಂಥ ಹಜಾರದಲ್ಲಿ ನಡೆಯುವಾಗ ನೋಡಿ, ಬೆಳಕು ಅವಳ ಮುಖದ ಸುತ್ತ ಒಂದು ಗುಡಿಸಲಿನಷ್ಟೇ ಇರುತ್ತದೆ. ಆ ಮೇಣದಬತ್ತಿಗಳೂ ಮಾಮೂಲಿನವಲ್ಲ. ಸಾಕಷ್ಟು ಬೆಳಕು ಬರಲಿ ಅಂತ ನಾಲ್ಕೈದು ಬತ್ತಿ ಸೇರಿಸಿ ಬೇರೆಯೇ ಮಾಡಿಸಿದ್ದು. ನಾವು ಸ್ಕೋಪ್ ಲೆನ್ಸ್ ಹಾಕಿದ ದಿನ ಮೂಲೆಗಳು ಮಂಕಾದರೆ ಮಾಲೀಕರು ಕ್ಯಾಬಿನ್‌ಗೇ ಬಂದು ಕೂಗಾಡುತ್ತಿದ್ದರು. ಇಲ್ಲಿ ಒಬ್ಬ ಬೇಕಂತಲೇ ಮಂಕು ಮಾಡಿದ್ದಾನೆ, ಅದೂ ಎಷ್ಟು ಚೆಂದ.

ಹಾಗಾಗಿ ನಿಮ್ಮ ಕೋಣೆಯ ಕತ್ತಲೂ ಸರಿಯಾಗಿರಬೇಕು. ರಾತ್ರಿ ಒಂಬತ್ತರ ಮೇಲೆ ಕೂರಿ. ಬೀದಿ ದೀಪ ಒಳಗೆ ಬರುತ್ತಿದ್ದರೆ ಕರ್ಟನ್ ಮೇಲೆ ಒಂದು ದಪ್ಪ ಬೆಡ್‌ಶೀಟ್ ಹಾಕಿ. ನಮ್ಮ ಮನೆಯಲ್ಲಿ ವೈಫೈ ಡಬ್ಬಿಯ ಹಸಿರು ದೀಪ ಟಿವಿ ಗಾಜಿನಲ್ಲಿ ಹೊಳೆಯುತ್ತಿತ್ತು. ಕಿಟಕಿಯಲ್ಲಿ ಯಾರದೋ ಕಣ್ಣು ಅಂತ ನಾನು ಎರಡು ಸಲ ಮೋಸಹೋದೆ. ಅದರ ಮೇಲೊಂದು ಕರವಸ್ತ್ರ ಹಾಕಿದರಾಯಿತು.

ಫ್ಯಾನ್ ಒಂದರಲ್ಲಿಡಿ. ಸುಮ್ನೆ ಹೇಳ್ತಿಲ್ಲ. ಮಿಸ್ ಗಿಡನ್ಸ್ ತೋಟದಲ್ಲಿ ಹೂ ಕತ್ತರಿಸುತ್ತಿರುತ್ತಾಳೆ, ಹಕ್ಕಿಗಳ ಸದ್ದು ತುಂಬಿರುತ್ತದೆ. ತಲೆ ಎತ್ತಿ ನೋಡಿದರೆ ಗೋಪುರದ ಮೇಲೆ, ಬಿಸಿಲಿಗೆದುರಾಗಿ, ಒಬ್ಬ ಗಂಡಸು. ಆಗ ಹಕ್ಕಿ ಸದ್ದು ಪಟ್ಟನೆ ನಿಂತುಹೋಗುತ್ತದೆ. ಎದೆ ಝಲ್ ಅನ್ನಿಸೋದು ಆ ನಿಶ್ಶಬ್ದ. ಫ್ಯಾನ್ ಐದರಲ್ಲಿ ಗರಗರ ಅಂತಿದ್ದರೆ ನಿಮಗೆ ಅದು ಕೇಳಿಸೋದೇ ಇಲ್ಲ. ಮಾತು ಹಳೇ ಕಾಲದ ಇಂಗ್ಲಿಷ್, ಪಿಸುಮಾತೂ ಜಾಸ್ತಿ. ಇಂಗ್ಲಿಷ್ ಸಬ್‌ಟೈಟಲ್ ಇದ್ದರೆ ಹಾಕಿಕೊಳ್ಳೋಕೆ ನಾಚಿಕೆ ಬೇಡ, ನಾನೂ ಹಾಕಿಕೊಂಡೆ.

ಯಾರ ಜೊತೆ ನೋಡಬೇಕು? ಒಬ್ಬರು ಸಾಕು, ಇಬ್ಬರು ಜಾಸ್ತಿ. ‘ದೆವ್ವ ಯಾವಾಗ ಬರುತ್ತೆ’ ಅಂತ ಕೇಳೋರನ್ನು ಮಲಗೋಕೆ ಕಳಿಸಿ. ನಮ್ಮ ಅಳಿಯ ಹಾಗೆ ಇಪ್ಪತ್ತು ನಿಮಿಷದಲ್ಲಿ ಎರಡು ಸಲ ಕೇಳಿ, ಆಮೇಲೆ ಸೋಫಾದಲ್ಲೇ ಗೊರಕೆ ಹೊಡೆದರು.

ಇನ್ನು ಕೆರೆಯ ದೃಶ್ಯ. ಇದಕ್ಕೋಸ್ಕರವೇ ಸಿನಿಮಾ ನೋಡಿ ಅಂತ ನಾನು ಹೇಳೋದು. ಹಗಲು ಹೊತ್ತು. ದಡದ ಮಂಟಪದಲ್ಲಿ ಪುಟ್ಟ ಹುಡುಗಿ ಫ್ಲೋರಾ ಆ ಮೊದಲಿನ ಹಾಡನ್ನೇ ಗುನುಗುತ್ತಿದ್ದಾಳೆ. ಆಚೆ ದಡದ ಜೊಂಡಿನ ನಡುವೆ ಕಪ್ಪು ಉಡುಪಿನ ಹೆಂಗಸು ನಿಂತಿದ್ದಾಳೆ. ಓಡಿ ಬರಲ್ಲ, ಹಲ್ಲು ತೋರಿಸಲ್ಲ, ಡಂ ಅಂತ ಮ್ಯೂಸಿಕ್ ಇಲ್ಲ. ಸುಮ್ನೆ ನಿಂತಿರುತ್ತಾಳೆ, ಮುಖ ಸರಿಯಾಗಿ ಕಾಣದಷ್ಟು ದೂರ. ಬಣ್ಣದಲ್ಲಿ ತೆಗೆದಿದ್ದರೆ ಜೊಂಡು ಹಸಿರಾಗಿ, ನೀರು ನೀಲಿಯಾಗಿ ಪಿಕ್ನಿಕ್ ಥರ ಆಗ್ತಿತ್ತು. ಇಲ್ಲಿ ನೀರು, ಆಕಾಶ, ಜೊಂಡು ಎಲ್ಲ ಬೂದು. ಆ ಬೂದು ಬಣ್ಣದ ಮಧ್ಯೆ ಅವಳೊಂದು ಮಸಿಯ ಗೆರೆ. ಇಲ್ಲಿ ಮೊಬೈಲ್ ನೋಡಿದಿರೋ, ಹೋಯ್ತು.

ದೆವ್ವ ನಿಜವೋ ಇವಳ ತಲೆಯಲ್ಲಿದೆಯೋ ಅಂತ ಮೊದಲ ಸಲ ತೀರ್ಮಾನ ಮಾಡಬೇಡಿ. ಕಥೆ ಗೊತ್ತಾದ ಮೇಲೆ, ಎರಡು ಮೂರು ದಿನ ಬಿಟ್ಟು ಇನ್ನೊಮ್ಮೆ ಹಾಕಿ. ಈ ಸಲ ದೆವ್ವ ಬಿಟ್ಟು ಮಿಸ್ ಗಿಡನ್ಸ್ ಮುಖ ಮಾತ್ರ ನೋಡಿ. ಕೆಲಸ ಕೊಡುವಾಗ ಮಕ್ಕಳ ಚಿಕ್ಕಪ್ಪ ಅವಳನ್ನು ಕೇಳೋದೇ ‘ನಿನಗೆ ಕಲ್ಪನೆ ಇದೆಯಾ’ ಅಂತ. ಮೊದಲ ಸಲ ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಅಟ್ಟದಲ್ಲಿ ಕಣ್ಣಾಮುಚ್ಚಾಲೆ ಆಡುವಾಗ ಅವಳಿಗೆ ಸತ್ತವನ ಪುಟ್ಟ ಚಿತ್ರ ಸಿಗುತ್ತದೆ, ಗಾಜು ಒಡೆದದ್ದು. ಆಮೇಲೇ ಕಿಟಕಿಯಲ್ಲಿ ಅವನ ಮುಖ ಹತ್ತಿರದಿಂದ ಕಾಣೋದು. ಅಲ್ವಾ, ನೋಡಿ! ಎಲ್ಲ ಇವಳ ತಲೆಯದ್ದೇ ಅಂತ ನಾನು ತೊಡೆ ತಟ್ಟಿದೆ.

‘ಮತ್ತೆ ಗೋಪುರದ ಮೇಲೆ ನೋಡಿದ್ದು ಚಿತ್ರ ಸಿಗೋಕೆ ಮುಂಚೆ ಅಲ್ವಾ ತಾತ?’ ಅಂದಳು ಮೊಮ್ಮಗಳು. ಆಮೇಲೆ ರಿಮೋಟ್ ತಗೊಂಡು ಪಾಠದ ಕೋಣೆಯ ದೃಶ್ಯಕ್ಕೆ ಹೋದಳು. ಸತ್ತ ಹೆಂಗಸು ಮೇಜಿಗೆ ಬಾಗಿ ಅಳುತ್ತಾಳೆ, ಮಾಯವಾಗುತ್ತಾಳೆ. ಮಿಸ್ ಗಿಡನ್ಸ್ ಹತ್ತಿರ ಹೋಗಿ ನೋಡಿದರೆ ಸ್ಲೇಟಿನ ಮೇಲೆ ಒಂದು ಹನಿ ಕಣ್ಣೀರು, ಇನ್ನೂ ಒದ್ದೆ.

‘ಇದು ಯಾರದ್ದು?’

ಅವತ್ತು ಆ ಜಾಗವನ್ನೇ ನಾಲ್ಕು ಸಲ ತಿರುಗಿಸಿ ನೋಡಿದ್ವಿ. ಹನ್ನೆರಡೂವರೆಗೆ ಮಗಳು ಎದ್ದು ಬಂದು ಇಬ್ಬರನ್ನೂ ಬೈದು ಟಿವಿ ಆರಿಸಿದಳು.