ಗಾಳಿ ಯಾರಿಗೆ ಬಡೀತಿದೆ ನೋಡಿ: ಸೈಕಲ್ ರೇಸ್ ನೋಡಲು ಕಲಿಯುವ ಬಗೆ

ಮೊದಲ ಸಲ ರೋಡ್ ರೇಸ್ ನೋಡಲು ಕೂತವರೆಲ್ಲ ಕೇಳುವುದು ಒಂದೇ ಪ್ರಶ್ನೆ. ಇದರಲ್ಲಿ ಏನಾಗ್ತಿದೆ? ನೂರೆಪ್ಪತ್ತು ಜನ ಬಣ್ಣಬಣ್ಣದ ಜೆರ್ಸಿ ಹಾಕಿಕೊಂಡು ಐದು ಗಂಟೆ ಸೈಕಲ್ ತುಳಿಯುತ್ತಾರೆ, ನಾಲ್ಕು ಜನ ಮುಂದೆ ಓಡಿಹೋಗಿರುತ್ತಾರೆ, ಅವರನ್ನು ಹಿಡಿಯುವ ಗಡಿಬಿಡಿ ಯಾರಿಗೂ ಇದ್ದ ಹಾಗೆ ಕಾಣುವುದಿಲ್ಲ, ಹೆಲಿಕಾಪ್ಟರ್ ಕ್ಯಾಮೆರಾ ಯಾವುದೋ ಹಳೇ ಕೋಟೆಯನ್ನು ಸುತ್ತುತ್ತಿರುತ್ತದೆ, ಕೊನೆಗೆ ಹತ್ತು ಸೆಕೆಂಡಲ್ಲಿ ಎಲ್ಲ ಮುಗಿದುಹೋಗುತ್ತದೆ. ನಾನೂ ಮೊದಲ ಸಲ ಅರ್ಧಕ್ಕೇ ನಿದ್ದೆ ಹೋದವನು.

ಕಣ್ಣು ತೆರೆದದ್ದು ಟೀವಿ ಮುಂದೆ ಅಲ್ಲ, ರಸ್ತೆ ಮೇಲೆ. ಒಂದು ಬೆಳಿಗ್ಗೆ ಎದುರುಗಾಳಿಗೆ ಸಿಕ್ಕಿಬಿದ್ದಿದ್ದೆ. ಒಬ್ಬನೇ. ಎಷ್ಟು ತುಳಿದರೂ ಮೀಟರ್ 22 ದಾಟುತ್ತಿರಲಿಲ್ಲ. ಹಿಂದಿನಿಂದ ಮೂವರು ಸಾಲಾಗಿ ಬಂದು ದಾಟಿದರು. ಹೇಗೋ ಕೊನೆಯವನ ಚಕ್ರಕ್ಕೆ ಅಂಟಿಕೊಂಡೆ. ಯಾರೋ ಬಾಗಿಲು ಮುಚ್ಚಿದ ಹಾಗಾಯಿತು. ಕಿವಿಯಲ್ಲಿ ಗುಂಯ್ ಅನ್ನುತ್ತಿದ್ದ ಸದ್ದು ನಿಂತಿತು. ಮೀಟರ್ 29 ತೋರಿಸುತ್ತಿತ್ತು, ಉಸಿರು ಮಾತ್ರ ಮೊದಲಿಗಿಂತ ಹಗುರ. ಅವತ್ತೇ ಕೂತು ಹಿಂದೆ ನಿದ್ದೆ ತರಿಸಿದ್ದ ರೇಸನ್ನು ಮತ್ತೆ ಹಾಕಿದೆ. ಈ ಸಲ ಪೂರ್ತಿ ನೋಡಿದೆ.

ಹಾಗಾಗಿ ರೇಸ್ ನೋಡುವಾಗ ಮೊದಲು ಕೇಳಿಕೊಳ್ಳಬೇಕಾದ್ದು ಯಾರು ಮುಂದಿದ್ದಾರೆ ಅಂತ ಅಲ್ಲ. ಈಗ ಗಾಳಿ ಯಾರಿಗೆ ಬಡೀತಿದೆ ಅಂತ. ಸಪಾಟು ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುವವನ ಶಕ್ತಿಯ ಬಹುಪಾಲು ಗಾಳಿ ಸೀಳುವುದಕ್ಕೇ ಖರ್ಚಾಗುತ್ತದೆ. ಮುಂದಿನವನ ಬೆನ್ನಿಗೆ ಅಂಟಿಕೊಂಡರೆ ಸುಮಾರು ಮೂರನೇ ಒಂದು ಭಾಗ ಉಳಿಯುತ್ತದೆ. ಪೆಲೊಟಾನ್ ಅನ್ನುವ ಆ ದೊಡ್ಡ ಗುಂಪಿನ ಹೊಟ್ಟೆಯೊಳಗೆ ಸೇರಿಕೊಂಡರೆ ಇನ್ನೂ ಜಾಸ್ತಿ. ಗೆಲ್ಲಬೇಕಾದವನು ನಾಲ್ಕು ಗಂಟೆ ಅಲ್ಲೇ ಅಡಗಿ ಕೂತಿರುತ್ತಾನೆ. ಅವನ ಪಾಲಿನ ಗಾಳಿ ತಿನ್ನುವುದು ಅವನ ತಂಡದವರು.

ಅವರಿಗೆ ಡೊಮೆಸ್ಟಿಕ್ ಅನ್ನುತ್ತಾರೆ. ಮನೆಗೆಲಸದವರು ಅಂತಲೇ ಅರ್ಥ. ಒಂದು ಇಡೀ ರೇಸ್ ಇವರಲ್ಲಿ ಒಬ್ಬನನ್ನೇ ಹಿಂಬಾಲಿಸಿ ನೋಡಿ. ಗುಂಪಿನಿಂದ ಹಿಂದೆ ಸರಿದು ತಂಡದ ಕಾರಿನ ಪಕ್ಕ ಬರುತ್ತಾನೆ. ಕಿಟಕಿಯಿಂದ ಬಾಟಲಿಗಳು ಒಂದೊಂದಾಗಿ ಹೊರಬರುತ್ತವೆ. ಬೆನ್ನಿನ ಜೇಬಿಗೆ ಮೂರು, ಜೆರ್ಸಿಯೊಳಗೆ ಎರಡು, ಕತ್ತಿನ ಹಿಂದೆ ಇನ್ನೊಂದು. ಗೂನು ಬೆನ್ನಿನವನ ಹಾಗೆ ಕಾಣುತ್ತಾ ಮತ್ತೆ ಇಡೀ ಗುಂಪನ್ನು ದಾಟಿ ಮುಂದೆ ಹೋಗಿ ಒಬ್ಬೊಬ್ಬರಿಗೂ ಹಂಚುತ್ತಾನೆ. ಅರ್ಧ ಗಂಟೆ ಬಿಟ್ಟು ಇನ್ನೊಂದು ಸಲ. (ಕೊನೆಯ ಬಾಟಲಿ ಕೊಡುವಾಗ ಕಾರಿನೊಳಗಿನ ಕೈ ಅದನ್ನು ಎಷ್ಟು ಹೊತ್ತು ಬಿಡದೆ ಹಿಡಿದಿರುತ್ತದೆ ನೋಡಿ. ಕಾರು ಎಳೆಯುತ್ತದೆ, ಸವಾರ ತುಳಿಯುವುದಿಲ್ಲ. ಇದಕ್ಕೆ ಅಂಟು ಬಾಟಲಿ ಅಂತ ಹೆಸರೇ ಇದೆ. ಅತಿಯಾದರೆ ದಂಡ ಬೀಳುತ್ತದೆ, ಸ್ವಲ್ಪ ಆದರೆ ಎಲ್ಲರೂ ಬೇರೆ ಕಡೆ ನೋಡುತ್ತಾರೆ.)

ಇಂಥವರಲ್ಲಿ ಒಬ್ಬ ಸೆಪ್ ಕಸ್. 2023ರಲ್ಲಿ ಇಟಲಿಯ ಮೂರು ವಾರದ ರೇಸ್ ಜೀರೋದಲ್ಲಿ ರೊಗ್ಲಿಚ್‌ಗೆ, ಫ್ರಾನ್ಸಿನ ಟೂರ್‌ನಲ್ಲಿ ವಿಂಗೆಗೋಗೆ ಗಾಳಿ ತಡೆದ. ಇಬ್ಬರೂ ಗೆದ್ದರು. ಅದೇ ವರ್ಷ ಸ್ಪೇನಿನ ವ್ಯೂಯೆಲ್ಟಾದಲ್ಲಿ ಕಸ್ ಒಂದು ಬ್ರೇಕ್‌ಅವೇ, ಅಂದರೆ ಮುಂದೆ ಓಡಿಹೋದ ಸಣ್ಣ ಗುಂಪು, ಸೇರಿ ಸಮಯ ಗಳಿಸಿಕೊಂಡ, ಕೊನೆಗೆ ಅವನೇ ಗೆದ್ದ. ಅವನ ಆ ಇಬ್ಬರು ಯಜಮಾನರು ಎರಡನೇ, ಮೂರನೇ ಸ್ಥಾನದಲ್ಲಿ ನಿಂತರು. ಡೊಮೆಸ್ಟಿಕ್‌ಗಳನ್ನೇ ನೋಡುತ್ತಾ ಬಂದಿದ್ದವರಿಗೆ ಅವತ್ತು ಹಬ್ಬ.

ಕೊನೆಯ 40 ಕಿ.ಮೀ. ಬಂದಾಗ ಒಂದು ಲೆಕ್ಕ ಮಾಡಿ. ಯಾವ ನಾಯಕನ ಸುತ್ತ ಅವನ ತಂಡದವರು ಎಷ್ಟು ಜನ ಉಳಿದಿದ್ದಾರೆ? ಮೂವರಿದ್ದರೆ ಅವನು ಇನ್ನೂ ಆರಾಮ. ಒಬ್ಬನೇ ಇದ್ದರೆ ಬೇರೆಯವರು ಒಬ್ಬರಾದ ಮೇಲೊಬ್ಬರು ಓಟ ಕೀಳುತ್ತಾರೆ, ಪ್ರತಿಯೊಬ್ಬನ ಬೆನ್ನು ಹತ್ತುವ ಕೆಲಸ ಅವನದ್ದೇ. ಯಾರು ಯಾರು ಅಂತ ಗೊತ್ತಾಗದಿದ್ದರೆ ಬೆನ್ನಿನ ನಂಬರ್ ನೋಡಿ, 1ರಲ್ಲಿ ಮುಗಿಯುವುದು ಸಾಮಾನ್ಯವಾಗಿ ತಂಡದ ನಾಯಕನದು.

ಮುಂದೆ ಓಡಿಹೋದ ಆ ನಾಲ್ಕು ಜನರ ಕಥೆಗೂ ಒಂದು ಹಳೇ ಲೆಕ್ಕ ಇದೆ. ಪೆಲೊಟಾನ್ ಮನಸ್ಸು ಮಾಡಿ ಬೆನ್ನಟ್ಟಿದರೆ 10 ಕಿ.ಮೀ.ಗೆ ಒಂದು ನಿಮಿಷ ತಿನ್ನುತ್ತದೆ. 30 ಕಿ.ಮೀ. ಉಳಿದಿದೆ, ಅಂತರ ಎರಡು ನಿಮಿಷ ಅಂದರೆ ಸಿಕ್ಕಿಬೀಳುತ್ತಾರೆ. ನಾಲ್ಕು ನಿಮಿಷ ಅಂದರೆ ಎದ್ದು ಕೂತು ನೋಡಿ. ಲೆಕ್ಕ ತಪ್ಪುವ ದಿನಗಳಿಗಾಗಿಯೇ ನಾವು ಕಾಯುವುದು. 2021ರ ಟೋಕಿಯೊ ಒಲಿಂಪಿಕ್ಸ್ ಮಹಿಳೆಯರ ರೇಸ್ ಇದಕ್ಕೆ ಒಳ್ಳೇ ಉದಾಹರಣೆ. ಆಸ್ಟ್ರಿಯಾದ ಆನ್ನಾ ಕೀಸೆನ್‌ಹೋಫರ್, ಗಣಿತದಲ್ಲಿ ಪಿಎಚ್‌ಡಿ ಮಾಡಿದವರು, ಆಗ ಯಾವ ವೃತ್ತಿಪರ ತಂಡದಲ್ಲೂ ಇರಲಿಲ್ಲ. ರೇಸ್ ಶುರುವಾದ ಕೂಡಲೇ ಮುಂದೆ ಹೋದರು. ಜೊತೆಗಿದ್ದವರನ್ನು ಬಿಟ್ಟು ಕೊನೆಯ 40 ಕಿ.ಮೀ. ಒಬ್ಬರೇ ತುಳಿದರು. ಒಲಿಂಪಿಕ್ಸ್‌ನಲ್ಲಿ ಸವಾರರ ಕಿವಿಯಲ್ಲಿ ತಂಡದ ಕಾರಿನಿಂದ ಸುದ್ದಿ ಹೇಳುವ ರೇಡಿಯೋ ಇರುವುದಿಲ್ಲ. ಎರಡನೇ ಸ್ಥಾನಕ್ಕೆ ಬಂದ ಅನೆಮಿಕ್ ಫಾನ್ ಫ್ಲೂಟೆನ್ ತಾನೇ ಗೆದ್ದೆ ಅಂದುಕೊಂಡು ಕೈ ಎತ್ತಿದರು. ಮುಂದೆ ಇನ್ನೊಬ್ಬರು ಇದ್ದದ್ದೇ ಅವರಿಗೆ ಗೊತ್ತಿರಲಿಲ್ಲ.

ಇನ್ನು ಅಡ್ಡಗಾಳಿ. ಕಾಮೆಂಟರಿಯವರು ಇದ್ದಕ್ಕಿದ್ದ ಹಾಗೆ ಕೂಗಾಡಲು ಶುರು ಮಾಡಿದರೆ ಸಾಮಾನ್ಯವಾಗಿ ಇದೇ ಕಾರಣ. ಗಾಳಿ ಪಕ್ಕದಿಂದ ಬಂದಾಗ ಮುಂದಿನವನ ಮರೆ ಸಿಗುವುದು ಅವನ ಹಿಂದೆ ಅಲ್ಲ, ಓರೆಯಾಗಿ ಅವನ ಪಕ್ಕದಲ್ಲಿ. ಹಾಗಾಗಿ ಸವಾರರು ರಸ್ತೆಯ ಅಗಲಕ್ಕೂ ಓರೆ ಸಾಲು ಕಟ್ಟುತ್ತಾರೆ. ರಸ್ತೆ ಎಷ್ಟು ಅಗಲವೋ ಅಷ್ಟೇ ಜನಕ್ಕೆ ಮರೆ. ಜಾಗ ಸಿಗದವರು ರಸ್ತೆಯಂಚಿನಲ್ಲಿ ಒಂಟಿ ಸಾಲಾಗಿ ಒದ್ದಾಡುತ್ತಾರೆ, ಆ ಸಾಲಲ್ಲಿ ಒಬ್ಬ ಸೋತರೂ ಅವನ ಹಿಂದಿನವರೆಲ್ಲ ಕಡಿದು ಹೋದರು ಅಂತಲೇ ಲೆಕ್ಕ. ಮೂರು ವಾರದ ರೇಸನ್ನು ಇಂಥ ಹತ್ತು ನಿಮಿಷದಲ್ಲಿ ಕಳೆದುಕೊಂಡವರಿದ್ದಾರೆ. ಬಾವುಟ ಯಾವ ಕಡೆ ಹಾರುತ್ತಿದೆ, ಮರ ಯಾವ ಕಡೆ ಬಾಗಿದೆ ಅಂತ ನೋಡುವ ಅಭ್ಯಾಸ ಮಾಡಿಕೊಳ್ಳಿ. ಹೆಲಿಕಾಪ್ಟರ್ ಕ್ಯಾಮೆರಾ ಆಗ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಯಾವ ರೇಸಿನಿಂದ ಶುರು ಮಾಡಬೇಕು? ಎಲ್ಲರೂ ಟೂರ್ ದ ಫ್ರಾನ್ಸ್ ಅನ್ನುತ್ತಾರೆ. ನಾನು ಬೇಡ ಅನ್ನುತ್ತೇನೆ. 21 ಸ್ಟೇಜು (ದಿನಕ್ಕೊಂದು ಓಟ), ಮೂರು ವಾರ, ಹೊಸಬರಿಗೆ ಸುಸ್ತಾಗುತ್ತದೆ. ಒಂದು ದಿನದ ರೇಸ್ ಹಿಡಿಯಿರಿ. ಏಪ್ರಿಲ್‌ನ ಪ್ಯಾರಿಸ್–ರೂಬೆ ಆದರೆ ಬಹಳ ಒಳ್ಳೇದು. 1896ರಿಂದ ನಡೆಯುತ್ತಿರುವ ರೇಸ್, ಸುಮಾರು 260 ಕಿ.ಮೀ., ಅದರಲ್ಲಿ 50ಕ್ಕೂ ಜಾಸ್ತಿ ಕಿ.ಮೀ. ಕಲ್ಲು ಹಾಸಿದ ಹಳ್ಳಿ ದಾರಿ. ಪಂಕ್ಚರ್, ಬೀಳುವುದು, ಧೂಳು, ಕೆಸರು. ಗೆದ್ದವನಿಗೆ ಕೊಡುವ ಟ್ರೋಫಿಯೂ ಒಂದು ಕಲ್ಲೇ. ಇಲ್ಲಿ ಏನಾಗ್ತಿದೆ ಅಂತ ಯಾರೂ ವಿವರಿಸಬೇಕಾಗಿಲ್ಲ. ಮಿಲಾನ್–ಸಾನ್ ರೆಮೊ ಇದಕ್ಕೆ ತದ್ವಿರುದ್ಧ. ಹತ್ತಿರ ಹತ್ತಿರ 300 ಕಿ.ಮೀ., ಹೆಚ್ಚಿನ ಭಾಗ ಏನೂ ನಡೆಯುವುದಿಲ್ಲ. ಕೊನೆಯ 30 ಕಿ.ಮೀ. ಮಾತ್ರ ನೋಡಿ, ಪೊಜ್ಜೊ ಅನ್ನುವ ಸಣ್ಣ ಏರು ಬರುವಾಗ ಎದ್ದು ನಿಂತಿರುತ್ತೀರಿ. ಫ್ಲಾಂಡರ್ಸ್, ಲಿಯೆಜ್, ಲೊಂಬಾರ್ದಿಯಾ ಆಮೇಲೆ ನೋಡಿಕೊಳ್ಳಬಹುದು.

ಟೂರ್‌ಗೆ ಬಂದಾಗ ಒಂದು ವಿಷಯ ತಲೆಯಲ್ಲಿರಲಿ. ಅಲ್ಲಿ ಒಂದೇ ರಸ್ತೆ ಮೇಲೆ ನಾಲ್ಕೈದು ರೇಸ್ ಒಟ್ಟಿಗೆ ನಡೆಯುತ್ತಿರುತ್ತವೆ. ಹಳದಿ ಜೆರ್ಸಿ ಒಟ್ಟು ಸಮಯ ಕಡಿಮೆ ಇರುವವನಿಗೆ. ಹಸಿರು ಪಾಯಿಂಟಿಗೆ, ಹೆಚ್ಚಾಗಿ ಕೊನೆಯ ಗೆರೆಗೆ ಜೋರಾಗಿ ನುಗ್ಗುವ ಸ್ಪ್ರಿಂಟರ್‌ಗಳ ಜಗಳ ಅದು. ಕೆಂಪು ಚುಕ್ಕೆಯದ್ದು ಬೆಟ್ಟ ಏರುವವರಿಗೆ, ಬಿಳಿ ಚಿಕ್ಕ ವಯಸ್ಸಿನವರಿಗೆ. ಜೊತೆಗೆ ಆ ದಿನದ ಸ್ಟೇಜ್ ಗೆಲ್ಲಬೇಕು ಅಂತಲೇ ಬಂದವರಿರುತ್ತಾರೆ. ಮುಂದೆ ಹೋದ ನಾಲ್ವರನ್ನು ಹಳದಿ ಜೆರ್ಸಿಯವನು ಯಾಕೆ ಬಿಟ್ಟ ಅಂದರೆ, ಒಟ್ಟು ಸಮಯದಲ್ಲಿ ಅವರು ಅರ್ಧ ಗಂಟೆ ಹಿಂದೆ ಇದ್ದಾರೆ, ಗೆದ್ದರೆ ಗೆಲ್ಲಲಿ ಬಿಡಿ ಅಂತ. ಆದರೆ ಅವನಿಗೆ ಹತ್ತಿರ ಇರುವವನು ಕದಲಿದರೆ ಒಂದು ಸೆಕೆಂಡೂ ಬಿಡುವುದಿಲ್ಲ. 1989ರಲ್ಲಿ 3,200 ಕಿ.ಮೀ.ಗೂ ಜಾಸ್ತಿ ತುಳಿದ ಮೇಲೆ ಗ್ರೆಗ್ ಲೆಮಾಂಡ್ ಮತ್ತು ಲೊರಾಂ ಫಿನ್ಯೋ ನಡುವೆ ಉಳಿದದ್ದು 8 ಸೆಕೆಂಡ್, ಗೆದ್ದದ್ದು ಲೆಮಾಂಡ್. ಕೊನೆಯ ದಿನದ ಟೈಮ್ ಟ್ರಯಲ್‌ಗೆ (ಒಬ್ಬೊಬ್ಬರೇ ಗಡಿಯಾರದ ವಿರುದ್ಧ ತುಳಿಯುವ ಓಟ) ಲೆಮಾಂಡ್ ಕೈ ಮುಂದೆ ಚಾಚಿ ಮಲಗುವಂಥ ಹ್ಯಾಂಡಲ್ ಹಾಕಿಕೊಂಡು ಬಂದಿದ್ದ, ಫಿನ್ಯೋ ಹೆಲ್ಮೆಟ್ ಕೂಡ ಇಲ್ಲದೆ ಜುಟ್ಟು ಹಾರಿಸಿಕೊಂಡು ತುಳಿದ. ಮತ್ತೆ ಗಾಳಿಯೇ ಅಲ್ವಾ? 2024ರ ಮಹಿಳೆಯರ ಟೂರ್ ಇನ್ನೂ ಬಿಗಿ, ಕಾಶಾ ನಿಯೆವಿಯಾದೋಮಾ ಗೆದ್ದದ್ದು 4 ಸೆಕೆಂಡಿಂದ. ಮಹಿಳೆಯರ ರೇಸುಗಳನ್ನು ಬಿಡಬೇಡಿ. ದೂರ ಕಡಿಮೆ, ಬೇಗ ಮುಗಿಯುತ್ತವೆ, ನಿದ್ದೆಗೆ ಅವಕಾಶ ಕಡಿಮೆ.

ಬೆಟ್ಟದ ಏರಿನಲ್ಲಿ ಮಾತ್ರ ಆಟ ಬದಲಾಗುತ್ತದೆ. ವೇಗ ಕಡಿಮೆ, ಗಾಳಿಯ ಮರೆ ಅಷ್ಟು ಕೆಲಸ ಮಾಡುವುದಿಲ್ಲ, ಕಾಲಿನ ಬಂಡವಾಳ ಬಯಲಾಗುತ್ತದೆ. ಇಲ್ಲಿ ನಿಮ್ಮ ಸ್ವಂತ ಸೈಕಲ್ ಹೊರಗೆ ತೆಗೆಯಿರಿ. ಫ್ರಾನ್ಸಿನ ಆಲ್ಪ್ ದ್ಯುಯೆಜ್ ಏರು 13.8 ಕಿ.ಮೀ., 21 ತಿರುವು, ಸರಾಸರಿ ಶೇ. 8ರಷ್ಟು ಏರಿಕೆ. ಒಂದು ಗಂಟೆಯೊಳಗೆ ಏರುವ ಹವ್ಯಾಸಿ ಗಟ್ಟಿಗ. ಮುಂಚೂಣಿಯ ವೃತ್ತಿಪರರಿಗೆ ಸುಮಾರು 40 ನಿಮಿಷ ಸಾಕು, ಅಂದರೆ ಗಂಟೆಗೆ 21 ಕಿ.ಮೀ.ಗೆ ಸ್ವಲ್ಪ ಕಡಿಮೆ. ನಿಮಗೆ ಗೊತ್ತಿರುವ ಅಷ್ಟೇ ಕಡಿದಾದ ಏರಿನಲ್ಲಿ 21 ಹಿಡಿದು ನೋಡಿ. ನಾನು ಹಿಡಿದೆ. ಒಂದು ನಿಮಿಷ ನಲವತ್ತು ಸೆಕೆಂಡ್. ಆಮೇಲೆ ರಸ್ತೆ ಪಕ್ಕ ಹ್ಯಾಂಡಲ್ ಮೇಲೆ ತಲೆಯಿಟ್ಟು ನಿಂತಿದ್ದೆ. ಅವರು ಅದನ್ನೇ 40 ನಿಮಿಷ ಮಾಡುತ್ತಾರೆ, ಅದೂ ನಾಲ್ಕು ಗಂಟೆ ತುಳಿದು ಬಂದ ಮೇಲೆ. ಈ ಪರೀಕ್ಷೆ ಮಾಡಿಕೊಂಡವರು "ಇವನು ಯಾಕೆ ಸುಮ್ನೆ ಹಿಂದೆ ಬಿದ್ದ" ಅಂತ ಕೇಳುವುದಿಲ್ಲ.

ವೃತ್ತಿಪರರಿಂದ ಏನು ಕಲಿಯಬಹುದು, ಏನು ಬೇಡ? ಹೊಟ್ಟೆಗೆ ಹಾಕಿಕೊಳ್ಳುವುದನ್ನು ಕಲಿಯಿರಿ. ಅವರು ಗಂಟೆಗೆ 90ರಿಂದ 120 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹಾಕುತ್ತಾರೆ, ಹಸಿವಾಗುವ ಮೊದಲೇ. ನಮ್ಮಂಥವರಿಗೆ ಎರಡು ಗಂಟೆ ಮೀರುವ ಸವಾರಿಗೆ ಗಂಟೆಗೆ 60 ಗ್ರಾಂ ಸಾಕು, ಮೊದಲ ಅರ್ಧ ಗಂಟೆಯಿಂದಲೇ ಶುರು ಮಾಡಿ. ಒಮ್ಮೆಲೇ 120ಕ್ಕೆ ಹಾರಿದರೆ ಹೊಟ್ಟೆ ಕೈ ಕೊಡುತ್ತದೆ. ಟೈರ್ ವಿಷಯದಲ್ಲೂ ಅವರನ್ನು ನಂಬಬಹುದು. ಹಿಂದೆ 23 ಮಿ.ಮೀ. ಟೈರಿಗೆ ಕಲ್ಲಿನ ಹಾಗೆ ಗಾಳಿ ಹೊಡೆಯುತ್ತಿದ್ದವರು ಈಗ 28, 30 ಮಿ.ಮೀ. ಹಾಕಿ ಗಾಳಿ ಕಡಿಮೆ ಮಾಡಿದ್ದಾರೆ. ಒರಟು ರಸ್ತೆಯಲ್ಲಿ ಅದೇ ಹೆಚ್ಚು ವೇಗ, ಕೈಗೂ ಸುಖ. ಆದರೆ ಹ್ಯಾಂಡಲನ್ನು ಅವರಷ್ಟು ಕೆಳಗೆ ಇಳಿಸಬೇಡಿ. ನಾನು ಇಳಿಸಿದ್ದೆ, ಮೂರು ವಾರ ಕತ್ತು ತಿರುಗಲಿಲ್ಲ. ಇಳಿಜಾರಿನಲ್ಲಿ ಸೀಟು ಬಿಟ್ಟು ಫ್ರೇಮಿನ ಮೇಲೆ ಕುಕ್ಕರಿಸುವ ಸರ್ಕಸ್ಸೂ ಬೇಡ, 2021ರಲ್ಲಿ ವೃತ್ತಿಪರರಿಗೇ ಅದನ್ನು ನಿಷೇಧಿಸಿದರು. ಗುಂಪಿನಲ್ಲಿ ತುಳಿಯುವಾಗ ನಿಮ್ಮ ಮುಂದಿನ ಚಕ್ರ ಮುಂದಿನವನ ಹಿಂದಿನ ಚಕ್ರದ ಪಕ್ಕಕ್ಕೆ ನುಸುಳದಿರಲಿ. ಅವನು ಸ್ವಲ್ಪ ವಾಲಿದರೂ ಬೀಳುವುದು ನೀವು, ಅವನಲ್ಲ. ಮೊಣಕೈ ಮೇಲಿನ ಗಾಯದ ಗುರುತು ನೋಡುತ್ತಾ ಇದನ್ನು ಬರೆಯುತ್ತಿದ್ದೇನೆ.

ಉದ್ದೀಪನ ಮದ್ದಿನ ವಿಷಯ ಯಾರಾದರೂ ಎತ್ತೇ ಎತ್ತುತ್ತಾರೆ. ಎತ್ತಲಿ. 1999ರಿಂದ 2005ರವರೆಗಿನ ಏಳು ಟೂರ್‌ಗಳನ್ನು ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್‌ನಿಂದ 2012ರಲ್ಲಿ ಕಿತ್ತುಕೊಂಡರು, ಆ ಏಳು ವರ್ಷದ ಗೆಲುವಿನ ಜಾಗ ಇವತ್ತಿಗೂ ಖಾಲಿ. ಈ ಆಟವನ್ನು ಅರ್ಧ ಕಣ್ಣು ಅನುಮಾನದಲ್ಲೇ ಇಟ್ಟುಕೊಂಡು ಪ್ರೀತಿಸಬೇಕಾಗುತ್ತದೆ. ನನಗೆ ಅಭ್ಯಾಸವಾಗಿದೆ.

ಎಂದಾದರೂ ರಸ್ತೆ ಪಕ್ಕ ನಿಂತು ನೋಡುವ ಅವಕಾಶ ಸಿಕ್ಕರೆ ಸಪಾಟು ಜಾಗ ಆರಿಸಬೇಡಿ, ಅರ್ಧ ನಿಮಿಷದಲ್ಲಿ ಸುಯ್ಯೆಂದು ಹೋಗಿಬಿಡುತ್ತಾರೆ. ಏರು ಆರಿಸಿ. ರಸ್ತೆ ಮುಚ್ಚುವುದು ಗಂಟೆಗಟ್ಟಲೆ ಮೊದಲೇ, ಬೇಗ ಹೋಗಿ. ಟೂರ್ ಆದರೆ ರೇಸಿಗೆ ಮುಂಚೆ ಜಾಹೀರಾತಿನ ಗಾಡಿಗಳ ಮೆರವಣಿಗೆ ಬಂದು ಟೋಪಿ ಗೀಪಿ ಎಸೆಯುತ್ತದೆ. ನಿಂತ ಮೇಲೆ ಗೋಡೆ ಕಡೆ ಬೆನ್ನು, ರೇಸ್ ಬರುವ ಕಡೆ ಮುಖ. 2021ರ ಟೂರ್‌ನ ಮೊದಲ ದಿನ ಒಬ್ಬ ಪ್ರೇಕ್ಷಕಿ ಕ್ಯಾಮೆರಾಗೆ ಕಾಣಲಿ ಅಂತ ರಟ್ಟಿನ ಬೋರ್ಡನ್ನು ರಸ್ತೆಗೆ ಚಾಚಿದಳು. ಟೋನಿ ಮಾರ್ಟಿನ್ ಅದಕ್ಕೆ ಬಡಿದು ಬಿದ್ದ, ಅವನ ಹಿಂದೆ ಹತ್ತಾರು ಜನ ಒಬ್ಬರ ಮೇಲೊಬ್ಬರು ಉರುಳಿದರು.

ಮುಂದಿನವರು ಹೋದ ಕೂಡಲೇ ಹೊರಡಬೇಡಿ. ಟೀವಿಯಲ್ಲಿ ಕಾಣದ ಭಾಗ ಆಮೇಲೆ ಬರುತ್ತದೆ. ಮೊದಲು ಬೆಟ್ಟ ಏರಲಾಗದ ಸ್ಪ್ರಿಂಟರ್‌ಗಳ ಗುಂಪು. ನಿಗದಿತ ಸಮಯದೊಳಗೆ ಮುಟ್ಟದಿದ್ದರೆ ಮಾರನೇ ದಿನ ಮನೆಗೆ, ಹಾಗಾಗಿ ಗಡಿಯಾರ ನೋಡುತ್ತಾ ಒಬ್ಬರನ್ನೊಬ್ಬರು ಎಳೆದುಕೊಂಡು ಹೋಗುತ್ತಾರೆ. ಅವರ ಹಿಂದೆ ಒಬ್ಬೊಬ್ಬರೇ. ಎಲ್ಲಕ್ಕಿಂತ ಹಿಂದೆ ಪೊರಕೆ ಗಾಡಿ, ಕೈಬಿಟ್ಟವರನ್ನು ಗುಡಿಸಿಕೊಂಡು ಬರುವ ವ್ಯಾನು. ಅದರ ಮೂತಿಯ ಮುಂದೆ ತುಳಿಯುತ್ತಿರುವವನಿಗೆ ಮರೆ ಕೊಡಲು ಯಾರೂ ಇರುವುದಿಲ್ಲ. ಗಂಟಲಲ್ಲಿ ಇನ್ನೂ ದನಿ ಉಳಿದಿದ್ದರೆ ಅವನಿಗೆ ಕೂಗಿ.