‘ಊಟ ಆಯ್ತಾ’ ಆದ ಮೇಲೆ ಏನು ಮಾತಾಡುವುದು?

ದಾವಣಗೆರೆಯಲ್ಲಿ ಮಾತಿಗೇನೂ ಬರವಿಲ್ಲ. ಊಟ ಆಯ್ತಾ, ಭದ್ರಾ ನಾಲೆಗೆ ನೀರು ಬಿಟ್ಟರಾ, ಮೆಕ್ಕೆಜೋಳಕ್ಕೆ ರೇಟ್ ಎಷ್ಟು ಎನ್ನುವಷ್ಟರಲ್ಲಿ ಅರ್ಧ ಗಂಟೆ ಕಳೆದಿರುತ್ತದೆ. ಎದುರಿಗಿದ್ದವರ ಮನಸ್ಸಿನಲ್ಲಿ ಏನಿತ್ತು ಅನ್ನುವುದು ಮಾತ್ರ ಗೊತ್ತಾಗಿರುವುದಿಲ್ಲ. ದೇವರ ಮುಂದೆಯೂ ಹೀಗೇ. ಕಿರಾಣಿ ಅಂಗಡಿಯಲ್ಲಿ ಚೀಟಿ ಓದಿದ ಹಾಗೆ ಬೇಡಿಕೆಗಳನ್ನು ಓದಿ, ಗಂಟೆ ಬಾರಿಸಿ ಬಂದುಬಿಡುತ್ತೇವೆ.

ಮನಸ್ಸು ಬಿಚ್ಚಿ ಮಾತಾಡಬೇಕೆಂದರೆ ಮೊದಲು ಬೇಕಾದ್ದು ಸರಿಯಾದ ಜಾಗ. ಬೆಣ್ಣೆ ದೋಸೆ ಹೋಟೆಲ್ ಬೇಡವೇ ಬೇಡ. ಅಲ್ಲಿ ನಿಮ್ಮ ಸೀಟಿಗೆ ಇನ್ನೊಬ್ಬರು ಕಾಯುತ್ತಾ ನಿಂತಿರುತ್ತಾರೆ. ಕುಂದುವಾಡ ಕೆರೆ ಏರಿ ಒಳ್ಳೆಯದು. ಅಕ್ಕಪಕ್ಕ ನಡೆಯುವಾಗ ಮುಖ ನೋಡುವ ಕಷ್ಟ ಇರುವುದಿಲ್ಲ. ಮೊಬೈಲ್ ಸ್ಕೂಟರ್ ಡಿಕ್ಕಿಯಲ್ಲಿರಲಿ, ಸೈಲೆಂಟ್ ಮಾಡಿದರೆ ಸಾಲದು.

ಆಮೇಲೆ ಪ್ರಶ್ನೆ. ‘ಮಿಲ್ ಕೆಲಸ ಹೇಗಿತ್ತು ಮಾವ?’ ಎಂದು ಕೇಳಿದರೆ ನಮ್ಮ ಮಾವ ‘ಚೆನ್ನಾಗಿತ್ತು’ ಎಂದು ಸುಮ್ಮನಾಗುತ್ತಿದ್ದರು. ‘ರಾತ್ರಿ ಪಾಳಿ ಮುಗಿಸಿ ಬಂದಾಗ ಮನೇಲಿ ಯಾರು ಎದ್ದಿರ್ತಿದ್ರು?’ ಅಂದೆ. ಅವತ್ತು ಒಂದೂವರೆ ಗಂಟೆ ಮಾತಾಡಿದರು. ಪ್ರಶ್ನೆ ಚಿಕ್ಕದಾಗಿರಬೇಕು, ಒಂದು ದಿನದ್ದೋ ಒಂದು ವಸ್ತುವಿನದೋ ಆಗಿರಬೇಕು. ಆನ್‌ಲೈನಲ್ಲಿ ಪ್ರಶ್ನೆ ಅಚ್ಚು ಹಾಕಿದ ಕಾರ್ಡ್ ಕಟ್ಟು ಸಿಗುತ್ತದೆ. ತರಿಸಿ ನೋಡಿದೆ. ಸಂದರ್ಶನಕ್ಕೆ ಕೂತ ಹಾಗಾಯಿತು, ದುಡ್ಡು ದಂಡ.

ಎಲ್ಲರೂ ಎಡವುವುದು ಇದರ ಮುಂದೆ. ಪ್ರಶ್ನೆ ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಬೇಕು. ಆಗುವುದಿಲ್ಲ ಅಲ್ವಾ? ಗೆಳೆಯನೊಬ್ಬ ಒಮ್ಮೆ ‘ಜಮೀನು ಮಾರಿಬಿಟ್ವಿ ಕಣೋ’ ಅಂದ. ನಾನು ತಕ್ಷಣ ನನ್ನ ಮನೆ ಸಾಲದ ಕಥೆ ತೆಗೆದೆ. ಸಮಾಧಾನ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಅವನು ಹೂಂ ಹೂಂ ಅಂದು ಎದ್ದುಹೋದ. ಜಮೀನಿನ ಸುದ್ದಿ ಮತ್ತೆ ಎತ್ತಲಿಲ್ಲ.

ಆದ್ದರಿಂದ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಆರಕ್ಕೇ ನಾಲಿಗೆ ತುರಿಸುತ್ತದೆ, ತಡೆದುಕೊಳ್ಳಿ. ನನ್ನ ಉಪಾಯ ಮಂಡಕ್ಕಿ. ಮಧ್ಯೆ ಒಂದು ಪೊಟ್ಟಣ ಬಿಚ್ಚಿಟ್ಟರೆ ಕೈ, ಬಾಯಿ ಎರಡಕ್ಕೂ ಕೆಲಸ. ಮೌನ ಯಾರಿಗೂ ಚುಚ್ಚುವುದಿಲ್ಲ. ಮಿರ್ಚಿ ಬೇಡ, ಖಾರಕ್ಕೆ ಗಮನವೆಲ್ಲ ನೀರಿನ ಕಡೆ ಹೋಗುತ್ತದೆ. ಅವರು ‘ಏನಿಲ್ಲ ಬಿಡು’ ಅಂದರೆ ಬಿಡಬೇಡಿ, ಕೆದಕಲೂ ಬೇಡಿ, ಸುಮ್ನೆ ಜೊತೆಗಿರಿ. ನಮ್ಮ ಕಡೆ ನಿಜವಾದ ಮಾತು ಹೆಚ್ಚಾಗಿ ‘ಏನಿಲ್ಲ’ ಆದ ಮೇಲೇ ಬರುವುದು. ಅವರು ನಿಲ್ಲಿಸಿದರೆ ಅವರ ಕೊನೆಯ ಪದವನ್ನೇ ಮೆಲ್ಲಗೆ ತಿರುಗಿ ಹೇಳಿ: ‘ಮಾರಿಬಿಟ್ರಾ...’ ಅಷ್ಟು ಸಾಕು. ‘ಎಲ್ಲಾ ಸರಿ ಹೋಗುತ್ತೆ’ ಎನ್ನುವ ಮಾತಂತೂ ಪೂರ್ತಿ ನಿಷೇಧ. ಅದು ಕೇಳುವವರು ತಪ್ಪಿಸಿಕೊಳ್ಳುವ ದಾರಿ.

ಪ್ರಾರ್ಥನೆಗೂ ಇದೇ ಕ್ರಮ. ಇಷ್ಟಲಿಂಗ ಪೂಜೆ ಮಾಡುವವರನ್ನು ನೋಡಿ. ಎಡ ಅಂಗೈಯಲ್ಲಿ ಲಿಂಗ ಇಟ್ಟು, ದೃಷ್ಟಿ ನೆಟ್ಟು ಕೂರುತ್ತಾರೆ. ಅಲ್ಲಿ ಬೇಡಿಕೆಗಿಂತ ನೋಟ ಜಾಸ್ತಿ. ನಾನು ಹರಿಹರದ ಹರಿಹರೇಶ್ವರ ಗುಡಿಗೆ ಹೋಗುತ್ತೇನೆ. ಹೊಯ್ಸಳರ ಕಾಲದಲ್ಲಿ, 1224ರ ಸುಮಾರಿಗೆ ಕಟ್ಟಿದ್ದು. ದರ್ಶನ ಮುಗಿದ ಮೇಲೆ ಮಂಟಪದ ಕಂಬಕ್ಕೆ ಒರಗಿ, ಒಂದೇ ಒಂದು ವಿಷಯ ಹೇಳುತ್ತೇನೆ. ಹೆದರಿಕೆಯೋ, ಸಿಟ್ಟೋ, ಇದ್ದದ್ದು ಇದ್ದ ಹಾಗೆ, ಮನೆಮಾತಿನಲ್ಲೇ. ನಂತರ ಹತ್ತು ನಿಮಿಷ ಏನೂ ಬೇಡಿಕೊಳ್ಳದೆ ಕೂರುವುದು. ಮೊದಲ ನಾಲ್ಕೈದು ಸಲ ಬರೀ ಚಪ್ಪಲಿಯ ನೆನಪಾಗುತ್ತದೆ. ಆಗಲಿ ಬಿಡಿ. ಗಂಟೆ ಸದ್ದು ಮಾಡಿ ನೆನಪಿಸುವ ಆ್ಯಪ್ ಹಾಕಿಕೊಂಡಿದ್ದೆ, ಕಣ್ಣು ಗಡಿಯಾರದ ಮೇಲೇ ಇರುತ್ತಿತ್ತು. ತೆಗೆದುಹಾಕಿದೆ.

ಕೊನೆಯದು ಸುಲಭ. ಎಂಟು ದಿನ ಬಿಟ್ಟು ಫೋನ್ ಮಾಡಿ, ಅವರು ಅವತ್ತು ಹೇಳಿದ ವಿಷಯ ಏನಾಯಿತು ಅಂತ ಕೇಳಿ. ವಾಟ್ಸ್‌ಆ್ಯಪ್‌ನಲ್ಲಿ ಗುಲಾಬಿ ಹೂವಿನ ಶುಭೋದಯ ಕಳಿಸಿದ್ದು ಲೆಕ್ಕಕ್ಕಿಲ್ಲ.