ಯಾರಿಗೂ ಬೇಡವಾದ ಕಾರಿನಲ್ಲಿ 90,000 ಕಿಲೋಮೀಟರ್: ನನ್ನ ಅನುಭವ

ಹದಿನಾರು ವರ್ಷ ಓಡಿದ, ತಯಾರಿಕೆಯೇ ನಿಂತುಹೋಗಿದ್ದ ಒಂದು ಬೂದು ಬಣ್ಣದ ಸೆಡಾನ್ ಕಾರನ್ನು ನಾನು ಕೊಂಡು ಈಗ ಆರು ವರ್ಷ ತುಂಬಿದೆ. ಈ ಅವಧಿಯಲ್ಲಿ ಅದು ಸುಮಾರು 90,000 ಕಿಲೋಮೀಟರ್ ಓಡಿದೆ, ಎರಡೇ ಬಾರಿ ದಾರಿಯಲ್ಲಿ ನಿಂತಿದೆ, ಇವತ್ತಿಗೂ ದಿನಾ ಬೆಳಿಗ್ಗೆ ನನ್ನನ್ನು ಕೆಲಸಕ್ಕೆ ಮುಟ್ಟಿಸುತ್ತಿದೆ. ಮನೆಗೆ ತಂದ ದಿನ ನನ್ನ ಅಣ್ಣ ಅದರ ಸುತ್ತ ಒಂದು ಸುತ್ತು ಹಾಕಿ, "ಮೂರು ತಿಂಗಳಲ್ಲಿ ಇದನ್ನ ಗುಜರಿಗೆ ತೂಕಕ್ಕೆ ಹಾಕ್ತೀಯ ನೋಡು" ಎಂದಿದ್ದ. ಹಲವು ವರ್ಷಗಳಿಂದ ನನ್ನ ಗಾಡಿಗಳನ್ನು ನೋಡಿಕೊಂಡು ಬಂದಿದ್ದ ಮೆಕ್ಯಾನಿಕ್ ಬಾನೆಟ್ ತೆರೆಯುವ ಮೊದಲೇ ತಲೆಯಾಡಿಸಿದ್ದರು. ಕಳೆದ ತಿಂಗಳು ಅದೇ ಅಣ್ಣ ತನಗೂ ಅಂಥದ್ದೊಂದನ್ನು ಹುಡುಕಿಕೊಡು ಎಂದು ಕೇಳಿದ ಮೇಲೆ, ನಾನು ಮಾಡಿದ್ದನ್ನೂ ಕಳೆದುಕೊಂಡದ್ದನ್ನೂ ಬರೆದಿಡಬೇಕು ಎನಿಸಿತು.

ಹಣದ ಲೆಕ್ಕ ಎಲ್ಲರಿಗೂ ಹೊಂದುವಂತಿರಲಿ ಎಂದು, ಈ ಕಾರಿಗೆ ನಾನು ಕೊಟ್ಟ ಬೆಲೆಯನ್ನು 100 ಎಂದಿಟ್ಟುಕೊಂಡು ಉಳಿದೆಲ್ಲವನ್ನೂ ಅದರ ಅಳತೆಯಲ್ಲೇ ಹೇಳುತ್ತೇನೆ. ಅದೇ ಗಾತ್ರದ ಹೊಸ ಕಾರಿಗೆ ಆಗ ಸುಮಾರು 1,200 ಕೊಡಬೇಕಾಗಿತ್ತು. ಅಂಕಿಗಳೆಲ್ಲ ನೆನಪಿನಿಂದ ಬರೆದವು. ಸ್ವಲ್ಪ ಆಚೀಚೆ ಇರಬಹುದು.

ಇದಕ್ಕೂ ಮೊದಲು ಎರಡು ಕಾರುಗಳಲ್ಲಿ ನಾನು ಸೋತಿದ್ದೆ. ಮೊದಲನೆಯದು ದೊಡ್ಡ ಐಷಾರಾಮಿ ಕಾರು. ಹೊಸದಿದ್ದಾಗ ಎಲ್ಲರೂ ಆಸೆಪಟ್ಟಿದ್ದ ಅದು 180ಕ್ಕೆ ಸಿಕ್ಕಿತೆಂದು ಹಿಗ್ಗಿ ತಂದೆ. ಅದರ ಸಸ್ಪೆನ್ಷನ್‌ನಲ್ಲಿ ಸ್ಪ್ರಿಂಗ್‌ಗಳ ಬದಲು ಗಾಳಿಚೀಲಗಳಿದ್ದವು. ರಾತ್ರಿ ನಿಲ್ಲಿಸಿದ ಕಾರು ಬೆಳಗಾಗುವಷ್ಟರಲ್ಲಿ ಒಂದು ಮಗ್ಗುಲಿಗೆ ಕುಸಿದಿರುತ್ತಿತ್ತು. ಸೋರುವ ಚೀಲವನ್ನು ತುಂಬಲು ಕಂಪ್ರೆಸರ್ ಬಿಡುವಿಲ್ಲದೆ ಓಡಿ ಅದೂ ಸುಟ್ಟುಹೋಯಿತು. ಎರಡು ಚೀಲ, ಒಂದು ಕಂಪ್ರೆಸರ್ ಮತ್ತು ಕೂಲಿ ಸೇರಿ 150 ಖರ್ಚಾಯಿತು. ಕೊನೆಗೆ 60ಕ್ಕೆ ಮಾರಿದೆ. ಕಾರಿನ ಬೆಲೆ ಇಳಿದರೂ ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ ಎಂಬುದನ್ನು 270 ಕಳೆದುಕೊಂಡು ಕಲಿತೆ.

ಎರಡನೆಯದು ಎಲ್ಲರೂ ಮೆಚ್ಚುವ ಚಿಕ್ಕ ಹ್ಯಾಚ್‌ಬ್ಯಾಕ್. ಬೆಲೆ 70. ಕಾರಿನ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಹಾಕಿದಾಗ ಒಂದೂ ಫಾಲ್ಟ್ ಕೋಡ್ (ದೋಷದ ಸಂಕೇತ) ಕಾಣಲಿಲ್ಲ, ಬಿಸಿಯೂ ಏರಲಿಲ್ಲ, ನಾನು ನಂಬಿದೆ. ಮನೆಗೆ ಬಂದ ಮೇಲೆ ನೋಡಿದರೆ ಹೌಸಿಂಗ್‌ನೊಳಗೆ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ಕೂಲಂಟ್ ರೇಡಿಯೇಟರಿಗೆ ಹೋಗದಂತೆ ತಡೆಯುವ ವಾಲ್ವ್) ಇರಲೇ ಇಲ್ಲ. ಎಂಜಿನ್ನಿನ ಹೆಡ್‌ಗೂ ಬ್ಲಾಕ್‌ಗೂ ನಡುವಿನ ಸೋರಿಕೆ ತಡೆಯುವ ಪದರ, ಅಂದರೆ ಹೆಡ್ ಗ್ಯಾಸ್ಕೆಟ್, ಹೋದದ್ದು ಗೊತ್ತಾಗದಿರಲೆಂದು ಮಾರಿದವರು ಅದನ್ನು ತೆಗೆದಿದ್ದರು. ಹೊಸ ಥರ್ಮೋಸ್ಟಾಟ್ ಕೂರಿಸಿದ ವಾರದಲ್ಲೇ ಮೀಟರಿನ ಮುಳ್ಳು ಕೆಂಪು ಗೆರೆಗೆ ಹೋಯಿತು. ರೇಡಿಯೇಟರ್ ಬಾಯಿಗೆ ಪರೀಕ್ಷೆಯ ನೀಲಿ ದ್ರವ ಹಿಡಿದಾಗ ಅದು ಎರಡೇ ನಿಮಿಷದಲ್ಲಿ ಹಳದಿಯಾಯಿತು, ಅಂದರೆ ಸಿಲಿಂಡರಿನ ಹೊಗೆ ಕೂಲಂಟಿಗೆ ಸೇರುತ್ತಿತ್ತು. ಹೆಡ್ ಮಟ್ಟಮಾಡಿಸಿ ಗ್ಯಾಸ್ಕೆಟ್ ಹಾಕಿಸಲು 80 ಆಯಿತು. ಹೆಡ್‌ನಲ್ಲಿ ಕೂದಲೆಳೆಯಷ್ಟು ಬಿರುಕಿದ್ದುದು ಆಗ ಯಾರ ಕಣ್ಣಿಗೂ ಬೀಳಲಿಲ್ಲ. ಎರಡು ತಿಂಗಳ ನಂತರ ಮತ್ತೆ ಕುದಿಯಿತು, ಗುಜರಿಯವರು 15 ಕೊಟ್ಟರು. ಎರಡೂ ಕಾರುಗಳಿಂದ ಆದ ನಷ್ಟ 400ರ ಮೇಲಾಯಿತು.

ಆಮೇಲೆ ನಾನು ಹುಡುಕುವ ದಿಕ್ಕನ್ನೇ ಬದಲಿಸಿದೆ. ಕಾರು ಅಗ್ಗವಾಗಲು ಎರಡು ಕಾರಣಗಳಿರುತ್ತವೆ: ಒಂದು, ಅದು ಕೆಟ್ಟಿರುವುದು, ಇನ್ನೊಂದು, ಅದು ಯಾರಿಗೂ ಇಷ್ಟವಾಗದಿರುವುದು. ನನಗೆ ಬೇಕಾದದ್ದು ಎರಡನೆಯದು ಮಾತ್ರ. 1998ರಲ್ಲಿ ಬಂದ ಫಿಯೆಟ್ ಮಲ್ಟಿಪ್ಲಾ ಎರಡೇ ಸಾಲಿನಲ್ಲಿ ಆರು ಜನರನ್ನು ಕೂರಿಸಿಕೊಳ್ಳುವ ಬುದ್ಧಿವಂತ ವಿನ್ಯಾಸದ್ದು, ಆದರೆ ಜನ ಮಾತಾಡಿದ್ದು ಅದರ ಮುಖದ ಬಗ್ಗೆ ಮಾತ್ರ. ಮುಖ ಚೆನ್ನಾಗಿಲ್ಲದ್ದಕ್ಕೆ ಸಿಗುವ ರಿಯಾಯಿತಿ ಎಂಜಿನ್ನಿಗೆ ಏನೂ ತೊಂದರೆ ಮಾಡುವುದಿಲ್ಲ. ಹೆಸರಿನ ವಿಷಯದಲ್ಲೂ ಹಾಗೆಯೇ. 2005ರಿಂದ ಜೆಕ್ ಗಣರಾಜ್ಯದ ಕೋಲಿನ್‌ನ ಒಂದೇ ಕಾರ್ಖಾನೆಯಿಂದ ಟೊಯೋಟಾ ಐಗೋ, ಪ್ಯೂಜೋ 107 ಮತ್ತು ಸಿಟ್ರೊಯೆನ್ ಸಿ1 ಎಂಬ ಮೂರು ಹೆಸರಿನ ಕಾರುಗಳು ಹೊರಬಂದವು. ಪೆಟ್ರೋಲ್ ಮಾದರಿಗಳಲ್ಲಿ ಮೂರಕ್ಕೂ ಟೊಯೋಟಾದ್ದೇ 998 ಸಿಸಿ ಎಂಜಿನ್. ಇಂಥ ಒಡಹುಟ್ಟಿದವುಗಳಲ್ಲಿ ಯಾರೂ ಕೇಳದ ಹೆಸರಿನದನ್ನೇ ನಾನು ಮೊದಲು ನೋಡುತ್ತೇನೆ. ಕಾರು ಅನಾಥವಾಗಿದ್ದರೆ ಚಿಂತೆಯಿಲ್ಲ, ಎಂಜಿನ್ ಅನಾಥವಾಗಿರಬಾರದು. ನನ್ನ ಸೆಡಾನ್ ಸೋತ ಮಾದರಿಯಾದರೂ, ಅದರ 1.4 ಲೀಟರ್ ಪೆಟ್ರೋಲ್ ಎಂಜಿನ್, ಗೇರ್‌ಬಾಕ್ಸ್ ಮತ್ತು ಮುಂಭಾಗದ ಸಸ್ಪೆನ್ಷನ್ ಲಕ್ಷಗಟ್ಟಲೆ ಮಾರಾಟವಾದ ಹ್ಯಾಚ್‌ಬ್ಯಾಕ್ ಒಂದರವೇ ಆಗಿದ್ದವು.

ಪರೀಕ್ಷೆಯ ಮೂಲ ಪಾಠಗಳು ನಿಮಗೆ ಗೊತ್ತಿರುತ್ತವೆ. ನಾನು ಹೆಚ್ಚಾಗಿ ನೆಚ್ಚುವುದು ಮೂರು ಗುರುತುಗಳನ್ನು. ಎಂಜಿನ್ ಪೂರ್ತಿ ತಣ್ಣಗಿರಬೇಕು, ಬೆಚ್ಚಗಿದ್ದರೆ ಸ್ಟಾರ್ಟ್ ಆಗುವಾಗಿನ ದೋಷಗಳು ಮುಚ್ಚಿಹೋಗುತ್ತವೆ. ನಾನು ಹೋಗುವಷ್ಟರಲ್ಲಿ ಅದು ಬೆಚ್ಚಗಿದ್ದರೆ ಆ ದಿನ ವಾಪಸು ಬಂದು ಮತ್ತೊಂದು ದಿನ ಹೋಗುತ್ತೇನೆ. ಸ್ಕ್ಯಾನರಿನಲ್ಲಿ ಕೋಡ್‌ಗಳಿಗಿಂತ ಮೊದಲು ರೆಡಿನೆಸ್ ಮಾನಿಟರ್‌ಗಳನ್ನು (ಕಾರು ತನ್ನನ್ನು ತಾನೇ ಪರೀಕ್ಷಿಸಿ ಮುಗಿಸಿದೆಯೇ ಎಂದು ತೋರಿಸುವ ಗುರುತುಗಳನ್ನು) ನೋಡುತ್ತೇನೆ. ಅವು ಅಪೂರ್ಣವಾಗಿದ್ದರೆ ಯಾರೋ ಇತ್ತೀಚೆಗೆ ಕೋಡ್ ಅಳಿಸಿದ್ದಾರೆ ಅಥವಾ ಬ್ಯಾಟರಿ ಕಳಚಿದ್ದಾರೆ. ಆ ಹ್ಯಾಚ್‌ಬ್ಯಾಕ್‌ನಲ್ಲಿ ಇದೊಂದನ್ನು ನೋಡಿದ್ದರೆ ನನ್ನ ಹಣ ಉಳಿಯುತ್ತಿತ್ತು. ಇನ್ನು ಟೈರಿನ ಮೇಲಿನ ನಾಲ್ಕಂಕಿಯ ತಯಾರಿಕೆ ಸಂಖ್ಯೆ. 2314 ಎಂದಿದ್ದರೆ 2014ರ 23ನೆಯ ವಾರ. ನಾಲ್ಕೂ ಟೈರುಗಳು ಒಂದೇ ಕಂಪನಿಯವಾಗಿ, ಒಂದೇ ಹೊತ್ತಿನವಾಗಿದ್ದರೆ ಆ ಮಾಲೀಕರು ಕಣ್ಣಿಗೆ ಕಾಣದ ಕಡೆಯೂ ಖರ್ಚು ಮಾಡಿರುತ್ತಾರೆ ಎಂಬುದು ನನ್ನ ಅನುಭವ. ತಳದ ಚೌಕಟ್ಟಿನಲ್ಲೂ ಸಸ್ಪೆನ್ಷನ್ ಕೂರುವ ಜಾಗದಲ್ಲೂ ತುಕ್ಕಿದ್ದರೆ ಚೌಕಾಸಿಯನ್ನೇ ಮಾಡುವುದಿಲ್ಲ. ಇಂಥ ಕಾರುಗಳು ಮಾರಾಟಕ್ಕೆ ಬರುವ ಮುನ್ನವೇ ನನ್ನ ಕಿವಿಗೆ ಬೀಳುವುದು ಹೇಗೆ, ಮಾರುವವರಿಗೆ ನಾನು ಕೇಳುವ ಮೊದಲ ಪ್ರಶ್ನೆ ಯಾವುದು ಎಂಬ ಎರಡನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅಣ್ಣನ ಕಾರು ಇನ್ನೂ ಸಿಗಬೇಕಾಗಿದೆ.

ಕೊಂಡ ಮೊದಲ ಎರಡು ವಾರ ಕಾರನ್ನು ಓಡಿಸಲಿಲ್ಲ. ಬೆಲೆಯ ಅರ್ಧದಷ್ಟು ಹಣವನ್ನು ಮೊದಲೇ ಎತ್ತಿಟ್ಟಿದ್ದೆ, ಖರ್ಚಾದದ್ದು 55. ವಾಲ್ವ್‌ಗಳನ್ನು ಪಿಸ್ಟನ್‌ಗಳ ಚಲನೆಗೆ ಹೊಂದಿಸಿ ನಡೆಸುವ ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ ಇಲ್ಲದಿದ್ದರೆ ಅದು ಬದಲಾಗಿಲ್ಲ ಎಂದೇ ನನ್ನ ಲೆಕ್ಕ. ಬೆಲ್ಟ್ ತುಂಡಾದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿಯುವ ಎಂಜಿನ್ ಅದು, ಆದ್ದರಿಂದ ಟೆನ್ಷನರ್ ಮತ್ತು ವಾಟರ್ ಪಂಪ್ ಸಮೇತ ಎಲ್ಲವನ್ನೂ ಬದಲಿಸಿದೆ. ಬ್ರೇಕ್ ಆಯಿಲ್ ಕಡುಗಂದು ಬಣ್ಣಕ್ಕೆ ತಿರುಗಿತ್ತು. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯದೆ ತಡೆಯಬೇಕು, ತೇವ ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಆಯಿಲ್ ಕುದ್ದು ಇಳಿಜಾರಿನಲ್ಲಿ ಪೆಡಲ್ ಕೆಳಗಿಳಿದ ಮೇಲೆ ಇದನ್ನು ಕಲಿಯುವುದು ಯಾರಿಗೂ ಬೇಡ. ಮುಂಭಾಗದ ಸಸ್ಪೆನ್ಷನ್ ಆರ್ಮ್‌ಗಳ ಬುಷ್‌ಗಳನ್ನು (ಕೀಲುಗಳಲ್ಲಿನ ರಬ್ಬರ್ ಬಳೆಗಳನ್ನು) ಮಾತ್ರ ಹಾಕಿ ಹಣ ಉಳಿಸಲು ಹೋದೆ. ಪ್ರೆಸ್ ಇಲ್ಲದೆ ವೈಸ್ ಮತ್ತು ಸಾಕೆಟ್‌ಗಳಿಂದ ಒತ್ತುವಾಗ ಒಂದು ಬುಷ್ ಓರೆಯಾಗಿ ಹರಿಯಿತು, ಇನ್ನೊಂದು ಸಾವಿರ ಕಿಲೋಮೀಟರಿಗೇ ಸಡಿಲವಾಯಿತು. ಕೊನೆಗೆ ಬುಷ್ ಮತ್ತು ಬಾಲ್ ಜಾಯಿಂಟ್ ಕೂಡಿದ ಇಡೀ ಆರ್ಮ್‌ಗಳನ್ನೇ ತಂದೆ. ಮೊದಲೇ ತಂದಿದ್ದರೆ ಎರಡು ಭಾನುವಾರಗಳು ಉಳಿಯುತ್ತಿದ್ದವು.

ಅತಿ ಹೆಚ್ಚು ಕಾಡಿದ್ದು ವಿದ್ಯುತ್ತಿನ ದೋಷ. ಎರಡನೆಯ ವರ್ಷ ಸ್ಟಾರ್ಟರ್ ಒಮ್ಮೆ ತಿರುಗಿದರೆ ಒಮ್ಮೆ ನರಳುತ್ತಿತ್ತು. ಹೊಸ ಬ್ಯಾಟರಿ ತಂದೆ, ಸ್ಟಾರ್ಟರ್ ಬಿಚ್ಚಿ ಬ್ರಷ್ ಹಾಕಿಸಿದೆ, ಒಟ್ಟು 20 ಹೋಯಿತು, ಆದರೂ ಒಂದು ಸಂಜೆ ಕಾರು ನಡುರಸ್ತೆಯಲ್ಲಿ ನಿಂತಿತು. ಆಗ ಮಲ್ಟಿಮೀಟರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್ ಟರ್ಮಿನಲ್‌ಗೂ ಇನ್ನೊಂದನ್ನು ಎಂಜಿನ್ ಬ್ಲಾಕ್‌ಗೂ ಹಿಡಿದು ಕ್ರ್ಯಾಂಕ್ ಮಾಡಿಸಿದೆ. ಅರ್ಧ ವೋಲ್ಟ್ ಕೂಡ ದಾಟಬಾರದ ಕಡೆ ಹೆಚ್ಚುಕಡಿಮೆ ಒಂದು ವೋಲ್ಟ್ ತೋರಿಸಿತು. ಅರ್ಥ್ ವೈರಿನ ಹೊರಗವಸು ಚೆನ್ನಾಗಿಯೇ ಇತ್ತು, ಒಳಗಿನ ತಾಮ್ರ ಹಸಿರುಪುಡಿಯಾಗಿತ್ತು. ಅದರ ಬೆಲೆ ಲೆಕ್ಕಕ್ಕೇ ಬಾರದಷ್ಟು ಕಡಿಮೆ. ಎರಡನೆಯ ಬಾರಿ ನಿಂತದ್ದು ಎಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್‌ನಿಂದ. ಬಿಸಿಯಾದಾಗ ಎಂಜಿನ್ ಆರುತ್ತಿತ್ತು, ಇಪ್ಪತ್ತು ನಿಮಿಷ ತಣ್ಣಗಾದರೆ ಹತ್ತುತ್ತಿತ್ತು, ಸ್ಟಾರ್ಟರ್ ತಿರುಗುವಾಗ ಆರ್‌ಪಿಎಂ ಮುಳ್ಳು ಅಲುಗುತ್ತಿರಲಿಲ್ಲ. ಅಂದಿನಿಂದ ಒಂದು ಹೆಚ್ಚುವರಿ ಸೆನ್ಸರ್ ಡಿಕ್ಕಿಯಲ್ಲೇ ಇರುತ್ತದೆ.

ನಡುವೆ ಒಂದಷ್ಟು ಪ್ರಯೋಗಗಳನ್ನೂ ಮಾಡಿದೆ. ಎಂಜಿನ್ ಸಾವಿರ ಕಿಲೋಮೀಟರಿಗೆ ಒಂದು ಲೀಟರ್ ಆಯಿಲ್ ಕುಡಿಯುತ್ತಿತ್ತು, ಪಿಸ್ಟನ್ ರಿಂಗ್‌ಗಳು ಹೋಗಿವೆ ಎಂದು ಮೆಕ್ಯಾನಿಕ್ ತೀರ್ಪಿತ್ತಿದ್ದರು. ಕಂಪ್ರೆಷನ್ ಅಳೆದರೆ ನಾಲ್ಕೂ ಸಿಲಿಂಡರುಗಳು 12 ಬಾರ್ ಆಸುಪಾಸಿನಲ್ಲಿದ್ದವು, ಅಂದರೆ ದೋಷ ರಿಂಗ್‌ಗಳದ್ದಾಗಿರಲಿಲ್ಲ. ಕಟ್ಟಿಕೊಂಡಿದ್ದ ಪಿಸಿವಿ ವಾಲ್ವ್ (ಎಂಜಿನ್ ಒಳಗೆ ಸೇರುವ ಅನಿಲವನ್ನು ಮತ್ತೆ ಉರಿಯಲು ಕಳಿಸುವ ವಾಲ್ವ್) ಬದಲಿಸಿದ ಮೇಲೆ ಅದೇ ಒಂದು ಲೀಟರ್ 3,000 ಕಿಲೋಮೀಟರಿಗೆ ಬರತೊಡಗಿತು. ಎಂಜಿನ್ ಬಿಚ್ಚದೆ ಬಗೆಹರಿಸಿದ ಈ ಕೆಲಸದ ಬಗ್ಗೆ ನನಗೆ ಇಂದಿಗೂ ಹೆಮ್ಮೆಯಿದೆ. ದಪ್ಪನೆಯ ಆಯಿಲ್ ಹಾಕಿ ನೋಡಿದೆ, ಬಳಕೆಯಲ್ಲಿ ಅಂಥ ವ್ಯತ್ಯಾಸವಾಗಲಿಲ್ಲ, ತಣ್ಣನೆಯ ಬೆಳಗಿನಲ್ಲಿ ಟ್ಯಾಪೆಟ್ ಸದ್ದು ಹೆಚ್ಚಾಯಿತು, ಮತ್ತೆ ಮೊದಲಿನ ತೆಳು 5ಡಬ್ಲ್ಯೂ-30 ಆಯಿಲ್‌ಗೇ ಮರಳಿದೆ. ಹಳದಿಗಟ್ಟಿದ್ದ ಹೆಡ್‌ಲೈಟ್‌ಗಳನ್ನು 800, 1500, 2000 ನಂಬರಿನ ನೀರುಕಾಗದದಿಂದ ಉಜ್ಜಿ ಪಾಲಿಶ್ ಮಾಡಿದಾಗ ಕನ್ನಡಿಯಂತಾದವು, ಮೇಲೆ ರಕ್ಷಣೆಯ ಲೇಪನ ಹಾಕದ ಕಾರಣ ಆರೇ ತಿಂಗಳಲ್ಲಿ ಮತ್ತೆ ಮಸುಕಾದವು. ಎರಡನೆಯ ಬಾರಿ ಲೇಪನ ಬಳಿದೆ, ಮೂರು ವರ್ಷವಾದರೂ ಹಾಗೆಯೇ ಇವೆ.

ಇನ್ನು ಆರು ವರ್ಷದ ಲೆಕ್ಕ. ಬೆಲೆ 100, ಮೊದಲ ಕೆಲಸ 55, ಆಮೇಲಿನ ಟೈರು, ಕ್ಲಚ್, ಶಾಕ್ ಅಬ್ಸಾರ್ಬರ್, ರೇಡಿಯೇಟರ್, ವರ್ಷವರ್ಷದ ಸರ್ವೀಸ್ ಎಲ್ಲ ಸೇರಿ ಸುಮಾರು 190. ಒಟ್ಟು 345. ಇವತ್ತು ಮಾರಿದರೂ 60 ಬರುತ್ತದೆ. ನಾನು ಇದನ್ನು ಕೊಂಡ ವರ್ಷವೇ 1,200 ಕೊಟ್ಟು ಹೊಸ ಕಾರು ತಂದ ಸಹೋದ್ಯೋಗಿಯೊಬ್ಬರು ಮೊನ್ನೆ ಅದನ್ನು 550ಕ್ಕೆ ಮಾರಿದರು. ಸಾಲದ ಬಡ್ಡಿ, ಸರ್ವೀಸ್ ಬೇರೆ. ಆದರೆ ಲೆಕ್ಕವನ್ನು ಪ್ರಾಮಾಣಿಕವಾಗಿ ಹೇಳುವುದಾದರೆ, ಮೊದಲ ಎರಡು ಕಾರುಗಳಲ್ಲಿ ಕಳೆದ 400ನ್ನು ಸೇರಿಸಿದಾಗ ನನ್ನ ಉಳಿತಾಯ ಹೆಚ್ಚುಕಡಿಮೆ ಕರಗಿಹೋಗುತ್ತದೆ. ಆ ಎರಡು ತಪ್ಪುಗಳನ್ನು ಮಾಡದವರಿಗೆ ಮಾತ್ರ ಪೂರ್ತಿ ಲಾಭ. ಹೊಸ ಕಾರುಗಳಲ್ಲಿರುವ ಸ್ಥಿರತೆ ನಿಯಂತ್ರಣ ವ್ಯವಸ್ಥೆ ನನ್ನದರಲ್ಲಿಲ್ಲ, ಏರ್‌ಬ್ಯಾಗ್‌ಗಳು ಎರಡೇ. ಹಾಗಾಗಿ ಮಳೆಯಲ್ಲಿ ವೇಗ ಇಳಿಸುತ್ತೇನೆ, ಟೈರು ಮತ್ತು ಬ್ರೇಕಿನಲ್ಲಿ ಮಾತ್ರ ಅಗ್ಗದ ಮಾಲು ಹುಡುಕುವುದಿಲ್ಲ.

ಅಣ್ಣನಿಗಾಗಿ ಈವರೆಗೆ ಎರಡು ಕಾರು ನೋಡಿದ್ದೇನೆ. ಮೊದಲನೆಯದರಲ್ಲಿ ಐದು ರೆಡಿನೆಸ್ ಮಾನಿಟರ್‌ಗಳು ಅಪೂರ್ಣವಾಗಿದ್ದವು. ಮಾತು ಬೆಳೆಸದೆ ಬಂದೆವು. ಎರಡನೆಯದು ಕಂದು ಬಣ್ಣದ ಸ್ಟೇಷನ್ ವ್ಯಾಗನ್, ಎಂಟು ತಿಂಗಳಿಂದ ಒಬ್ಬರೂ ಕೇಳಿಕೊಂಡು ಬಂದಿಲ್ಲವಂತೆ, ನಾಲ್ಕೂ ಟೈರು ಒಂದೇ ವಾರದವು. ಭಾನುವಾರ ಬೆಳಿಗ್ಗೆ ನಾವು ಬರುವವರೆಗೆ ಎಂಜಿನ್ ಸ್ಟಾರ್ಟ್ ಮಾಡಬೇಡಿ ಎಂದು ಅದರ ಮಾಲೀಕರಿಗೆ ಹೇಳಿಟ್ಟಿದ್ದೇನೆ.